ಮುಳುಗಿದ ಲಾಂಚಿಗೆ ಕೆಂಪು ಚೀಟಿ

೬ ಸೆಪ್ಟೆಂಬರ್ ೧೯೮೨, ಸೋಮವಾರ

ಬೆಳಿಗ್ಗೆ ನನ್ನ ಹೆಂಡತಿ ಭಾನುಮತಿಯ ಮದುವೆ ಕಾಲದ ಹಿತ್ತಾಳೆ ಬಿಂದಿಗೆ ಬಾವಿಗೆ ಬಿತ್ತು. ಸಂಜೆ ನಾನೂ ಬಿದ್ದೆ, ಬೇರೊಂದು ಕಡೆ. ಮೊದಲನೆಯದಕ್ಕೆ ಸವೆದ ಹಗ್ಗ ಕಾರಣ, ಎರಡನೆಯದಕ್ಕೆ ನನ್ನ ಬಾಯಿ.

ಬಿಂದಿಗೆಯ ವಿಚಾರ ಮೊದಲು. ಬಾವಿಗೆ ಬಿದ್ದ ಪಾತ್ರೆಯನ್ನು ಮೇಲೆತ್ತಲು ಪಾತಾಳಗರಡಿ ಎಂಬ ಕೊಕ್ಕೆಗಳ ಗೊಂಚಲು ಬೇಕು. ಅದು ಮನೆ ಮಾಲೀಕ ರಾಮಾಂಜಿನಪ್ಪನವರ ತಾಯಿ ಪಿಳ್ಳಮ್ಮನವರ ಸುಪರ್ದಿನಲ್ಲಿದೆ. ಬರಿಗೈಯಲ್ಲಿ ಹೋಗಿ ಕೇಳಿದರೆ ಕೊಡುವುದಿಲ್ಲ. ಒಂದು ಪಾತ್ರೆ ಒತ್ತೆ ಇಡಬೇಕು. ಬಿದ್ದದ್ದು ಸಿಕ್ಕಿದ ಮೇಲೆ ಒತ್ತೆ ವಾಪಸು.

"ಗಂಗಮ್ಮ ಇಸ್ಕಂಡಿದ್ದನ್ನ ಸುಮ್ಕೆ ಕಿತ್ಕಳಾಕಾಯ್ತದಾ? ಅವ್ಳಿಗೂ ಒಂದ್ ನಂಬ್ಕೆ ಬ್ಯಾಡ್ವಾ?" ಎಂದರು ಪಿಳ್ಳಮ್ಮ.

ನಮ್ಮ ತಾಮ್ರದ ಚೊಂಬು ಅವರ ಅಟ್ಟ ಸೇರಿತು. ಕಾರ್ಖಾನೆಯ ಸ್ಟೋರ್ಸಿನಲ್ಲೂ ಇಷ್ಟು ಶಿಸ್ತು ಕಂಡವನಲ್ಲ ನಾನು.

ರಾಮಾಂಜಿನಪ್ಪನವರು ಗರಡಿ ಬಿಟ್ಟು ಆಡಿಸಿದರು. ಒಂದು ತೂತು ಬಕೆಟ್ಟು ಬಂತು. ಯಾರದೋ ಪೆಟಿಕೋಟು ಬಂತು, ವಾರಸುದಾರರು ಮುಂದೆ ಬರಲಿಲ್ಲ. ಬಿಂದಿಗೆ ಮಾತ್ರ ಬರಲಿಲ್ಲ. ನಾನು ಹುಣಸೆ ಮರದ ಬುಡದಲ್ಲಿ ನಿಂತು ಮಾರ್ಗದರ್ಶನ ನೀಡುತ್ತಿದ್ದೆ.

"ಯಾಕ್ ಸಾಮಿ, ಅಷ್ಟ್ ದೂರ ನಿಂತ್ಕಂಡಿದ್ದೀರಿ? ಇಂಗ್ ಬಂದು ಬಗ್ಗಿ ನೋಡಿ," ಎಂದರು ರಾಮಾಂಜಿನಪ್ಪನವರು.

"ಇಲ್ಲಿಂದ ಒಟ್ಟಾರೆ ಚೆನ್ನಾಗಿ ಕಾಣ್ಸುತ್ತೆ."

ಭಾನುಮತಿ ಮರದಿಂದ ಬಾವಿಯವರೆಗಿನ ದೂರವನ್ನು ಒಮ್ಮೆ ಕಣ್ಣಳತೆ ಮಾಡಿ ಒಳಗೆ ಹೋದಳು. ನಾನು ಪಾವಗಡದವನು. ಒಂದು ಚೊಂಬಿಗಿಂತ ಹೆಚ್ಚು ನೀರು ಒಂದೇ ಕಡೆ ಸೇರಿದರೆ ಅದರಲ್ಲಿ ಏನೋ ಸಂಚು ಇದೆ ಎಂದು ನನ್ನ ಕಾಲುಗಳು ತಿಳಿಯುತ್ತವೆ. ಈಜು ಬರುವುದಿಲ್ಲ. ಇದು ಅವಳಿಗೊಬ್ಬಳಿಗೇ ಗೊತ್ತು.

ಇನ್ನು ಸಂಜೆಯ ವಿಚಾರ. ಕ್ಯಾಂಟೀನಿನಲ್ಲಿ ಟೂಲ್‌ರೂಮಿನ ಶ್ಯಾಮಣ್ಣ ರದ್ದಿ ಅಂಗಡಿಯಿಂದ ತಂದ ಇಂಗ್ಲಿಷ್ ಪತ್ರಿಕೆ ಬಿಡಿಸಿ ಕೂತಿದ್ದರು. ಅಮೆರಿಕಾದ ಸರೋವರಗಳಲ್ಲಿ ಹಳೆಯ ಹಡಗುಗಳು ಮುಳುಗಿವೆಯಂತೆ. ಸಿಹಿನೀರು, ಮೇಲೆ ಕೊರೆಯುವ ಚಳಿ, ಹಾಗಾಗಿ ಮರ ಕೊಳೆಯುವುದಿಲ್ಲವಂತೆ. ಜನ ರಜಾ ಹಾಕಿ ಹೋಗಿ, ಮುಳುಗಿ, ನೋಡಿಕೊಂಡು ಬರುತ್ತಾರಂತೆ. ಅದನ್ನು ಕೇಳಿ ವೆಲ್ಡರ್ ವೆಂಕಟೇಶಪ್ಪ ಬೋಂಡಾ ಕೆಳಗಿಟ್ಟ. ಅವನ ಹೆಂಡತಿಯ ಊರಿನ ಕಲ್ಲುಹೊಳೆ ಜಲಾಶಯದಲ್ಲಿ, ಕಟ್ಟೆ ಕಟ್ಟುವ ಕಾಲದ ಎಂಜಿನಿಯರುಗಳ ಲಾಂಚು, ಅಂದರೆ ಮೋಟಾರು ದೋಣಿ, ಮುಳುಗಿದೆಯಂತೆ. ಅದರ ಮೂತಿಗೆ ಹಿತ್ತಾಳೆ ಗಂಟೆ ಕಟ್ಟಿದೆಯಂತೆ.

"ಚಳಿಗಾಲ್ದಾಗೆ ನೀರು ಗಾಜು ಇದ್ದಂಗಿರ್ತದೆ ಸಾರ್. ಆದ್ರೆ ಮಂಜುಗಡ್ಡೆ ತಣ್ಗೆ. ಒಬ್ರೂ ಇಳಿಯಕ್ಕಿಲ್ಲ," ಎಂದ.

"ನಾವು ಇಳಿಯೋಣ. ಗಂಟೆ ತಂದು ಕ್ಯಾಂಟೀನಿಗೆ ಕಟ್ಟೋಣ," ಎಂದರು ಶ್ಯಾಮಣ್ಣ.

ಆಗ ನಾನು ಚಹಾ ಹೀರುತ್ತಾ, ಯಾರೂ ಕೇಳದಿದ್ದರೂ, "ಚಿಕ್ಕಂದಿನಲ್ಲಿ ನಮ್ಮೂರ ಕೆರೆ ತಳ ಮುಟ್ಟಿ ಬರ್ತಿದ್ದೆ" ಎಂದೆ. ಸುಳ್ಳಲ್ಲ. ಕೆರೆ ಒಣಗಿತ್ತು, ನಡೆದುಕೊಂಡು ಹೋಗಿ ಮುಟ್ಟುತ್ತಿದ್ದೆವು. ಆದರೆ ಆ ವಿವರ ಕೊಡುವಷ್ಟರಲ್ಲಿ ಇಬ್ಬರೂ ಎದ್ದು ನನ್ನ ಕೈ ಕುಲುಕಿ, ಪ್ರವಾಸದ ನಾಯಕನನ್ನಾಗಿ ಮಾಡಿದ್ದರು.

೮ ಸೆಪ್ಟೆಂಬರ್

ಈ ಪ್ರವಾಸ ನಡೆಯಕೂಡದು.

ಈಜು ಬರದು ಎಂದು ಹೇಳುವಂತಿಲ್ಲ. ಹೇಳಿದರೆ ಪೀಣ್ಯ ಕೈಗಾರಿಕಾ ಪ್ರದೇಶದ ಮೊದಲನೇ ಹಂತದಿಂದ ಕೊನೆಯ ಹಂತದವರೆಗೆ ಒಂದೇ ಶಿಫ್ಟಿನಲ್ಲಿ ಹಬ್ಬುತ್ತದೆ. ಆದರೆ ನಾನು ಇನ್ಸ್‌ಪೆಕ್ಟರು. ನನ್ನ ಸಹಿ ಇಲ್ಲದೆ ಕಾರ್ಖಾನೆಯಿಂದ ಒಂದು ನಟ್ಟೂ ಆಚೆ ಹೋಗದು. ಇಷ್ಟು ವರ್ಷ ನಾನು ಮಾಡಿರುವುದು ಒಂದೇ ಕೆಲಸ, ಹೊರಟದ್ದನ್ನು ನಿಲ್ಲಿಸುವುದು. ಪ್ರತಿಯೊಂದು ಸಾಮಾನೂ ನನ್ನಿಂದ ತಪಾಸಣೆಯಾಗಬೇಕು ಎಂದು ಷರತ್ತು ಹಾಕಿದೆ. ಇಬ್ಬರೂ ಭಕ್ತಿಯಿಂದ ಒಪ್ಪಿದರು. ರಿಜೆಕ್ಟ್ ಆದ ಮಾಲಿಗೆ ಬರೆದು ಅಂಟಿಸುವ ಕೆಂಪು ಚೀಟಿ ಪುಸ್ತಕ ಒಂದನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ.

೨೦ ಸೆಪ್ಟೆಂಬರ್

ಶ್ಯಾಮಣ್ಣನವರ ಮೊದಲ ಯೋಜನೆ ಬಂತು. ಬಾಯಲ್ಲಿ ರಬ್ಬರ್ ಕೊಳವೆ, ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು, ಸೊಂಟಕ್ಕೆ ರುಬ್ಬುಗುಂಡು.

ರಿಜೆಕ್ಟ್. ಚೀಟಿಯಲ್ಲಿ ಕಾರಣ ಬರೆದೆ: "ಮೂಗಿಗೆ ಕ್ಲಿಪ್ಪು ಹಾಕಿಕೊಂಡು ಸಾಯುವುದು ಕಾರ್ಖಾನೆಯ ಘನತೆಗೆ ತಕ್ಕುದಲ್ಲ." ಶ್ಯಾಮಣ್ಣ ಚೀಟಿಯನ್ನು ಪ್ರಸಾದದಂತೆ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮುಖದಲ್ಲಿ ಬೇಸರವಿರಲಿಲ್ಲ. ಪ್ರವಾಸದ ಕಥೆ ಇಲ್ಲಿಗೆ ಮುಗಿಯಿತೆಂದು ನಂಬಿದ್ದೇನೆ.

೪ ಅಕ್ಟೋಬರ್

ಮುಗಿದಿಲ್ಲ. ಟೂಲ್‌ರೂಮಿನವರಿಗೆ ಕೆಂಪು ಚೀಟಿ ಎಂದರೆ "ಬೇಡ" ಎಂದು ಅರ್ಥವಲ್ಲ, "ಸರಿ ಮಾಡಿ ತನ್ನಿ" ಎಂದು ಅರ್ಥ. ಇದು ನನಗೆ ಗೊತ್ತಿದ್ದ ವಿಷಯವೇ, ಹೇಗೋ ಮರೆತಿದ್ದೆ.

ಇಂದು ಶ್ಯಾಮಣ್ಣ ಮನೆಗೆ ಬಂದು ಸ್ನಾನದ ಮನೆಯ ಹಳೆ ತಾಮ್ರದ ಹಂಡೆಯನ್ನು ಪ್ರೀತಿಯಿಂದ ತಟ್ಟಿ ನೋಡಿದರು. ಬೋರಲು ಹಾಕಿ ತಲೆಗೆ ಇಳಿಸಿಕೊಳ್ಳುವುದು, ಭುಜಕ್ಕೆ ಕೂರುವಂತೆ ಬಾಯಿ ಕತ್ತರಿಸುವುದು, ಮುಂದೆ ದಪ್ಪ ಗಾಜಿನ ಕಿಟಕಿ, ನೆತ್ತಿಯಲ್ಲಿ ಗಾಳಿಯ ಕೊಳವೆ. ಮೇಲಿನಿಂದ ಕಂಪ್ರೆಸರು ಗಾಳಿ ತುಂಬುತ್ತಿದ್ದರೆ ನೀರು ಗದ್ದಕ್ಕಿಂತ ಮೇಲೆ ಏರದು. ಮೂಗು ಮುಚ್ಚುವ ಪ್ರಶ್ನೆಯೇ ಇಲ್ಲ.

ಕೊನೆಯ ಭರವಸೆಯಾಗಿ ಹೆಂಡತಿಯ ಮುಖ ನೋಡಿದೆ.

"ಹಂಡೆ ತಗೊಂಡ್ ಹೋಗಿ. ಲಾಂಚಲ್ಲಿ ಪಾತ್ರೆಗೀತ್ರೆ ಸಿಕ್ಕಿದ್ರೆ ನಂಗೆ ಕೊಡ್ಬೇಕು. ಬಿಂದಿಗೆ ಹೋಗಿ ತಿಂಗಳಾಯ್ತು," ಎಂದಳು ಭಾನುಮತಿ.

ಮನೆಯೊಳಗಿನ ಶತ್ರುಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

೧೦ ಅಕ್ಟೋಬರ್, ಭಾನುವಾರ

ಚಳಿಯ ಮೇಲೆ ರಿಜೆಕ್ಟ್ ಮಾಡಿದ್ದೆ. "ಹೆಪ್ಪುಗಟ್ಟುವ ನೀರಿನಲ್ಲಿ ಸದಸ್ಯರ ಕೈಕಾಲು ಆಡುವುದೆಂದು ಸಾಬೀತಾಗಬೇಕು." ಇದನ್ನು ಪೀಣ್ಯದಲ್ಲಿ ಯಾರೂ ಸಾಬೀತು ಮಾಡಲಾರರು ಎಂಬ ಧೈರ್ಯದಲ್ಲಿದ್ದೆ. ಇವತ್ತು ಬೆಳಿಗ್ಗೆ ಬಾಗಿಲಿಗೆ ಮಂಜುಗಡ್ಡೆಯ ಗಾಡಿ ಬಂತು.

ಡ್ರಮ್ಮಿನಲ್ಲಿ ನೀರು, ನೀರಿನಲ್ಲಿ ಹೊಟ್ಟು ತೊಳೆದ ಮಂಜುಗಡ್ಡೆ. ಲಾರಿ ಟ್ಯೂಬು ಕತ್ತರಿಸಿ ಅಂಟಿಸಿದ ಅಂಗಿ, ಚಲ್ಲಣ. ಒಳಗೆ ಉಣ್ಣೆಯ ಬನಿಯನ್ನು. ವೆಂಕಟೇಶಪ್ಪ ಮೊದಲು ಕೂತು, ಎದ್ದು, "ಹಾಯಾಗದೆ" ಎಂದ. ಶ್ಯಾಮಣ್ಣ ಕೂತರು, ನಾಲ್ಕು ಬೋಲ್ಟು ಬಿಗಿದು ತೋರಿಸಿದರು. ನಂತರ ಇಬ್ಬರೂ ನಾಯಕನ ಕಡೆ ನೋಡಿದರು. ರಾಮಾಂಜಿನಪ್ಪನವರ ಸಮಸ್ತ ಬಾಡಿಗೆದಾರರೂ ನಾಯಕನ ಕಡೆ ನೋಡಿದರು.

ಕೂತೆ. ಕುತ್ತಿಗೆಯವರೆಗೆ ನೀರು. ಪಾವಗಡದ ದಿಕ್ಕಿಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಸ್ವಲ್ಪ ಹೊತ್ತಿಗೆ ಎರಡು ಸಂಗತಿ ಗೊತ್ತಾದವು. ಟ್ಯೂಬಿನ ಅಂಗಿ ನಿಜಕ್ಕೂ ಬೆಚ್ಚಗಿದೆ. ಎಡ ಕಂಕುಳಿನ ಅಂಟು ಬಿಟ್ಟಿದೆ. ಎರಡನೆಯದನ್ನು ಚೀಟಿಯಲ್ಲಿ ಬರೆದೆ. ಮೊದಲನೆಯದನ್ನು ಬರೆಯಲಿಲ್ಲ.

"ಸ್ಯಾನೆ ದಿನ ಬದುಕಿದ್ದಕ್ಕೆ ಇದ್ನೂ ನೋಡಿದ್ನಲ್ಲ," ಎಂದರು ಪಿಳ್ಳಮ್ಮ.

೨೬ ಅಕ್ಟೋಬರ್, ಆಯುಧಪೂಜೆ

ಕಾರ್ಖಾನೆಯಲ್ಲಿ ಲೇತು, ಮಿಲ್ಲಿಂಗ್ ಯಂತ್ರಗಳ ಸಾಲಿನಲ್ಲಿ ನಮ್ಮ ಹಂಡೆಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಗಾಜಿನ ಕಿಟಕಿಯ ಮೇಲೆ ಯಾರೋ ಉತ್ಸಾಹಿ ಮೂರು ನಾಮ ಎಳೆದಿದ್ದ. ಬೂದುಗುಂಬಳ ಒಡೆಯುವಾಗ ಹಂಡೆಗೆ ಬೆನ್ನು ಹಾಕಿ ನಿಂತಿದ್ದೆ, ಆದರೂ ಅದು ನೋಡುತ್ತಿದೆ ಎನಿಸಿತು. ಬೆಸುಗೆ ನೀರಿನ ಒತ್ತಡಕ್ಕೆ ಸೋರುತ್ತದೆಂದು ಎರಡು ಬಾರಿ ರಿಜೆಕ್ಟ್ ಮಾಡಿದ್ದೆ. ಎರಡು ಬಾರಿಯೂ ವೆಂಕಟೇಶಪ್ಪ ಬಿಚ್ಚಿ ಮತ್ತೆ ಬೆಸೆದ. ಈಗ ಸೋರುವುದಿಲ್ಲ. ಒಳ್ಳೆಯ ಬೆಸುಗೆ. ಬೆರಳಾಡಿಸಿದರೆ ಕೈ ಎತ್ತಲು ಮನಸ್ಸಾಗದು.

೩ ನವೆಂಬರ್

ಅಭ್ಯಾಸಕ್ಕೆ ರಾಮಾಂಜಿನಪ್ಪನವರ ಬಾವಿ ನಿಗದಿಯಾಗಿದೆ. ಮಳೆಯಿಂದ ನೀರು ಏರಿ ಎರಡಾಳು ನಿಂತಿದೆ. ಗೋಡೆಯಿಂದ ಚಾಚಿಕೊಂಡ ಕಲ್ಲುಗಳೇ ಮೆಟ್ಟಿಲು.

ಮಾಲೀಕರು ಒಪ್ಪಿದರು. "ಅಂಡೆ ತಲೆ ಮ್ಯಾಲೆ ಮಡೀಕಂಡು ಬಾವಿಗಿಳಿಯೋ ಬಾಡಿಗೆದಾರ್ರು ಯಾರ್ಗೂ ಸಿಕ್ಕಿಲ್ಲ ಸಾಮಿ. ಆದ್ರೆ ಒಂದ್ ಮಾತು. ಒಳಗೇನಾರ ಎಚ್ಚುಕಮ್ಮಿ ಆದ್ರೆ ನೀರು ಕುಡ್ಯೋಕೆ ಬರಾಕಿಲ್ಲ. ಒಸಿ ನೋಡ್ಕಳಿ." ನಮ್ಮ ಪ್ರಾಣಕ್ಕಿಂತ ನೀರಿನ ಮೇಲೆ ಅವರಿಗಿದ್ದ ಕಾಳಜಿ ನನಗೆ ಹಿಡಿಸಿತು. ವಿಚಾರವಂತರು.

ಬಾವಿಗೆ ಇಳಿಬಿಟ್ಟ ಹಗ್ಗದ ಗಂಟುಗಳ ತಪಾಸಣೆ ಆಗಬೇಕಿತ್ತು. ಮೇಲಿನಿಂದ ಕಾಣುವುದಿಲ್ಲ. ಮೂರನೇ ಕಲ್ಲಿನವರೆಗೆ ಇಳಿದೆ. ಗೋಡೆಗೆ ಹಲ್ಲಿಯಂತೆ ಅಂಟಿಕೊಂಡಿದ್ದೆ ಎಂದು ಭಾನುಮತಿ ಹೇಳುತ್ತಾಳೆ. ಗಂಟು ಸರಿಯಿರಲಿಲ್ಲ. ರಿಜೆಕ್ಟ್.

೭ ನವೆಂಬರ್

ಹಗ್ಗದ ತಪಾಸಣೆ. ನೀರು ಮೊಣಕಾಲವರೆಗೆ.

೧೧ ನವೆಂಬರ್

ಹಂಡೆಯೊಳಗಿನ ಗಾಳಿಗೆ ಕಂಪ್ರೆಸರಿನ ಎಣ್ಣೆಯ ನಾತ. ಬಾವಿಯ ಕಟ್ಟೆ ಮೇಲೆ ಕೂತು ಹಂಡೆಯೊಳಗೆ ತಲೆ ಇಟ್ಟು ಮೂಸಿ ನೋಡಿದೆ. ಹಳೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಂತಿತ್ತು. ರಿಜೆಕ್ಟ್. "ಉಸಿರಾಡುವ ಗಾಳಿಗೆ ಯಾವ ವಾಸನೆಯೂ ಇರತಕ್ಕದ್ದಲ್ಲ."

ಸ್ನಾನದ ಮನೆಯ ಸಿಮೆಂಟ್ ತೊಟ್ಟಿಯಲ್ಲಿ ಮುಖ ಮುಳುಗಿಸಿ ಉಸಿರು ಹಿಡಿಯುವ ಪ್ರಯೋಗ ನಡೆಸಿದ್ದೇನೆ. ಇದು ಅಭ್ಯಾಸವಲ್ಲ, ಗುಣಮಟ್ಟದ ಅಧ್ಯಯನ. ಭಾನುಮತಿ ಹೊರಗಿನಿಂದ ಆಗಾಗ ಬಾಗಿಲು ತಟ್ಟುತ್ತಾಳೆ.

"ಏನ್ರೀ, ಇದ್ದೀರಾ?"

"ಇದ್ದೀನಿ."

"ಸರಿ."

೨೧ ನವೆಂಬರ್, ಭಾನುವಾರ

ಗಾಳಿಯ ದಾರಿಗೆ ಇದ್ದಲು, ಹತ್ತಿ ತುಂಬಿದ ಡಬ್ಬಿ ಅಳವಡಿಸಿದ್ದಾರೆ. ಈಗ ಯಾವ ವಾಸನೆಯೂ ಇಲ್ಲ. ಹುಡುಕಿದೆ, ಸಿಗಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಪಾಸು ಮಾಡಿದೆ ಎಂದು ಬರೆಯಬೇಕಿತ್ತು. ಮನಸ್ಸಿತ್ತು.

ಹಗ್ಗದ ತಪಾಸಣೆ. ನೀರು ಎದೆಯವರೆಗೆ. ಬಾವಿಯ ಒಳಗಿನಿಂದ ನೋಡಿದರೆ ಆಕಾಶ ದುಂಡಗಿದೆ. ಹುಣಸೆ ಮರದ ಬುಡದಿಂದ ಇದು ಕಾಣುವುದಿಲ್ಲ.

೨೮ ನವೆಂಬರ್, ಭಾನುವಾರ

ಪೂರ್ಣ ಅಭ್ಯಾಸ. ಹೊರಡುವುದು ಡಿಸೆಂಬರ್ ಹತ್ತು, ಶುಕ್ರವಾರ. ಮೂವರಿಗೂ ರಜ ಮಂಜೂರಾಗಿದೆ.

ಇಷ್ಟು ದಿನ ಕಂಪ್ರೆಸರು ರಾಮಾಂಜಿನಪ್ಪನವರ ಪಂಪ್‌ಸೆಟ್ಟಿನ ಕರೆಂಟಿನಲ್ಲಿ ಓಡುತ್ತಿತ್ತು. ಜಲಾಶಯದ ದಡದಲ್ಲಿ ಕರೆಂಟಿಲ್ಲ. ಅದಕ್ಕೆ ಶ್ಯಾಮಣ್ಣ ಪೆಟ್ರೋಲ್ ಎಂಜಿನ್ ಜೋಡಿಸಿ, ಎಂಜಿನ್, ಕಂಪ್ರೆಸರ್ ಎರಡನ್ನೂ ಒಂದೇ ತಳ್ಳುಗಾಡಿಯ ಮೇಲೆ ಅಚ್ಚುಕಟ್ಟಾಗಿ ಕೂರಿಸಿದ್ದಾರೆ. ತೇರಿನಂತಿದೆ. ಕೆಂಪು ಚೀಟಿ ತೆಗೆಯುವ ನೆನಪೇ ಆಗಲಿಲ್ಲ. ಸುತ್ತು ಹಾಕಿ ನೋಡಿ, "ನೀಟಾಗಿದೆ" ಎಂದೆ. ಶ್ಯಾಮಣ್ಣ ನಾಚಿದರು.

ವೆಂಕಟೇಶಪ್ಪ ಹಂಡೆ ಧರಿಸಿ ತಳ ಮುಟ್ಟಿದ. ಸಾಕಷ್ಟು ಹೊತ್ತು ಇದ್ದು ಮೇಲೆ ಬಂದ. ಬಂದವನು ಕಟ್ಟೆಗೆ ಒರಗಿ ಹಣೆ ಹಿಡಿದುಕೊಂಡ.

"ತಲೆ ಒಡೀತಾ ಅದೆ ಸಾರ್."

"ನಿನ್ನೆ ಬಾಮೈದನ ಮನೇಲಿ ಏನೇನ್ ತಗೊಂಡೆ ಗುರು?" ಎಂದು ಕೇಳಿದರು ಶ್ಯಾಮಣ್ಣ.

"ಒಸಿ ತಗಂಡಿದ್ದೆ."

"ಹಾಗಾದ್ರೆ ಹಂಡೆ ಪಾಸು, ಮನುಷ್ಯ ಫೇಲು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಭಾನುವಾರ ನನ್ನ ಸರದಿ. ಉಣ್ಣೆ ಬನಿಯನ್ನು ಒಗೆದು ಒಣಹಾಕಿದೆ.

೨ ಡಿಸೆಂಬರ್

ಸಂಜೆ ಪಿಳ್ಳಮ್ಮನವರ ನೀರೊಲೆಯ ಹೊಗೆ ಅಂಗಳದಲ್ಲೆಲ್ಲ ಸುತ್ತುತ್ತಿತ್ತು. ಒಮ್ಮೆ ಬಾವಿಯ ಕಡೆ, ಒಮ್ಮೆ ತಳ್ಳುಗಾಡಿಯ ಕಡೆ. ಸುಮ್ಮನೆ ನೋಡುತ್ತಾ ಕೂತಿದ್ದೆ. ಹೊಗೆ ತಳ್ಳುಗಾಡಿಯ ಮೇಲೆ ಬಂದು ನಿಂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಂಜಿನ್ ಹೊಗೆ ಬಿಡುವ ಕೊಳವೆ, ಕಂಪ್ರೆಸರು ಗಾಳಿ ಎಳೆದುಕೊಳ್ಳುವ ಮೂತಿ, ಎರಡರ ನಡುವೆ ಒಂದು ಮೊಳ. ಒಂದು ಬಿಟ್ಟದ್ದನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಅದು ನೇರ ಹಂಡೆಗೆ ಹೋಗುತ್ತದೆ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರನ್ನು ಕೊಲ್ಲುವ ವಿಷವೇ ಎಂಜಿನ್ ಹೊಗೆಯಲ್ಲೂ ಇರುತ್ತದೆ. ಅದಕ್ಕೆ ವಾಸನೆಯಿಲ್ಲ. ಹೊಗೆಯ ನಾತವಾದರೂ ಬಂದಿದ್ದರೆ ವೆಂಕಟೇಶಪ್ಪನಿಗೆ ಗೊತ್ತಾಗುತ್ತಿತ್ತು. ಬರಲಿಲ್ಲ. ಇದ್ದಲಿನ ಡಬ್ಬಿ ನಾತವನ್ನೆಲ್ಲ ಹಿಡಿದಿಟ್ಟುಕೊಂಡು ವಿಷವನ್ನು ಮಾತ್ರ ಒಳಗೆ ಕಳಿಸಿದೆ. ಡಬ್ಬಿ ಹಾಕಿಸಿದ್ದು ನಾನು.

ಊಟಕ್ಕೆ ಮೊದಲು ಕೆಂಪು ಚೀಟಿ ಪುಸ್ತಕ ಹುಡುಕಿದೆ.

೩ ಡಿಸೆಂಬರ್

ಕೆಂಪು ಚೀಟಿ ಬರೆದು ಕೊಟ್ಟೆ. ಶ್ಯಾಮಣ್ಣ ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅದನ್ನು ಮಡಚಲಿಲ್ಲ. ಮೇಜಿನ ಮೇಲೆ ಇಟ್ಟರು.

"ಸಾರ್, ತಪ್ಪು ತಿಳ್ಕೋಬೇಡಿ. ನಿಮಗೆ ಈಜು ಬರಲ್ಲ ಅಂತ ನಮಗೆ ಮೊದಲ್ನೇ ದಿನವೇ ಗೊತ್ತು."

ನಾನು ಕ್ಯಾಲಿಪರ್ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

"ಪಾವಗಡದ ಕೆರೆ ನಾನೂ ನೋಡಿದೀನಿ ಸಾರ್. ಅಲ್ಲಿ ಕ್ರಿಕೆಟ್ ಆಡ್ತಾರೆ."

"ಮತ್ಯಾಕ್ರೀ ನಾಯಕನ್ನ ಮಾಡಿದ್ರಿ?"

"ನಿಮ್ಮ ಕೈಲಿ ಪಾಸಾದ್ರೆ ಯಾರೂ ಸಾಯಲ್ಲ ಅಂತ. ನೀವು ಏನ್ ರಿಜೆಕ್ಟ್ ಮಾಡಿದ್ರೂ ಸರಿ ಮಾಡ್ಕೊಂಡ್ ಬಂದ್ವಿ. ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿರ್ಲಿಲ್ಲ. ಆದ್ರೆ ಇನ್ನು ಒಂದ್ ವಾರ ಇದೆ ಸಾರ್. ಚೀಟಿ ಸಾಕು. ನೀವು ದಡದಲ್ಲಿ ಕೂತಿರಿ, ನಾವು ಇಳೀತೀವಿ. ಯಾರಿಗೂ ಹೇಳಲ್ಲ."

"ಶ್ಯಾಮಣ್ಣ, ಈ ಸಲ ನಿಜವಾಗ್ಲೂ ಗಾಳಿ ಸರಿಯಿಲ್ಲ."

"ಎಣ್ಣೆ ವಾಸನೆಗೂ ಹೀಗೇ ಅಂದ್ರಿ."

"ಅವತ್ತು ಬೇರೆ."

"ಏನ್ ಸಾರ್ ಬೇರೆ?"

ನಾನು ಚೀಟಿಯನ್ನು ಮತ್ತೆ ಅವರ ಕಡೆ ತಳ್ಳಿದೆ. ವೆಂಕಟೇಶಪ್ಪ ನಡುವೆ ಬಂದು, "ನಾನೇ ಒಳಗಿದ್ದೋನು. ಎದ್ದು ಬಂದಿಲ್ವಾ? ಬುಡಿ ಸಾರ್," ಎಂದು ಬೆನ್ನು ತಟ್ಟಿದ. ಕರುಣೆಯಿಂದ ತಟ್ಟಿದ. ನಿಂದೆ ಆಗಿದ್ದರೆ ತಡೆದುಕೊಳ್ಳಬಹುದಿತ್ತು.

ಜಲಾಶಯದಲ್ಲಿ ಬಾವಿಗಿಂತ ಹೆಚ್ಚು ಹೊತ್ತು ಇರುತ್ತಾರೆ. ದಡದಲ್ಲಿ ಗಾಳಿ ಯಾವ ಕಡೆ ಬೀಸುತ್ತದೋ ಯಾರಿಗೆ ಗೊತ್ತು.

೬ ಡಿಸೆಂಬರ್, ಸೋಮವಾರ

ಹಳೆ ಕನ್ನಡಕದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ದಪ್ಪವಾಗಿ ಬರುತ್ತಿದೆ. ನಿನ್ನೆಯದನ್ನು ನೆನಪಿದ್ದಷ್ಟು ದಾಖಲಿಸುತ್ತೇನೆ.

ಭಾನುವಾರ ಇಬ್ಬರೂ ಬಂದರು. ನನ್ನ ಸರದಿ ರದ್ದು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ನಾನು ಟ್ಯೂಬಿನ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದೆ.

"ಏನ್ ಸಾರ್ ಇದು?" ಎಂದರು ಶ್ಯಾಮಣ್ಣ.

"ತಪಾಸಣೆ. ಎಂಜಿನ್ ಹಾಕಿ. ಒಲೆ ಹೊಗೆ ನೋಡಿ, ಇವತ್ತು ಹೋದ ವಾರದ ಹಾಗೇ ಸುತ್ತುತಾ ಇದೆ. ವೆಂಕಟೇಶಪ್ಪ ಎಷ್ಟ್ ಹೊತ್ತು ಇದ್ದನೋ ಅಷ್ಟು ಹೊತ್ತು ನಾನಿರ್ತೀನಿ. ನಾನಂತೂ ನಿನ್ನೆ ಯಾವ ಬಾಮೈದನ ಮನೆಗೂ ಹೋಗಿಲ್ಲ. ತಲೆನೋವು ಬರ್ಲಿಲ್ಲ ಅಂದ್ರೆ ಪಾಸು."

"ಬಂದ್ರೆ?"

"ಬಂದ್ರೆ ಚೀಟಿ ಮಡಚಿ ಜೇಬಿಗಿಟ್ಕೊಳ್ಳಿ."

"ಬ್ಯಾಡ ಸಾರ್," ಎಂದ ವೆಂಕಟೇಶಪ್ಪ. ಶ್ಯಾಮಣ್ಣ ಎಂಜಿನ್ನಿನ ಹಗ್ಗ ಎಳೆದರು. ಭಾನುಮತಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು.

ಇಳಿದೆ. ಹಂಡೆಯೊಳಗೆ ನನ್ನ ಉಸಿರು ಯಾರೋ ದಪ್ಪ ಮನುಷ್ಯ ಮಲಗಿದಂತೆ ಕೇಳುತ್ತಿತ್ತು. ಮೆಟ್ಟಿಲ ಕಲ್ಲುಗಳು ಮುಗಿದವು. ಪಾದಕ್ಕೆ ಕೆಸರು ತಾಗಿತು. ಬೆಳಕು ಹಸಿರಾಗಿತ್ತು. ಒಂದು ಮೀನಿನ ಮರಿ ಕಿಟಕಿಯ ಹತ್ತಿರ ಬಂದು ತಪಾಸಣೆ ನಡೆಸಿ ಹೋಯಿತು. ಎದುರಿಗೆ ಗೋಡೆಯ ಬುಡದ ಪೊಟರೆಯಲ್ಲಿ ಭಾನುಮತಿಯ ಬಿಂದಿಗೆ ಇತ್ತು. ಬಾಯಿ ಒಳಮುಖವಾಗಿ ಸಿಕ್ಕಿಕೊಂಡಿದೆ, ಗರಡಿಯ ಕೊಕ್ಕೆಗೆ ಹೇಗೆ ಸಿಕ್ಕೀತು? ಇದನ್ನು ಮೇಲೆ ಹೋಗಿ ಪಿಳ್ಳಮ್ಮನವರಿಗೆ ತಾಂತ್ರಿಕವಾಗಿ ವಿವರಿಸಬೇಕು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಹಣೆಯ ಎರಡೂ ಪಕ್ಕ ಯಾರೋ ಬೆಂಚ್ ವೈಸಿನಲ್ಲಿ ಹಿಡಿದು ತಿರುಗಿಸಿದಂತಾಯಿತು. ವಾಸನೆ ಏನೂ ಇರಲಿಲ್ಲ. ನನ್ನ ಊಹೆ ಸರಿ ಎಂದು ಸಂತೋಷವಾಯಿತು. ಎರಡು ಸಲ ಹಗ್ಗ ಜಗ್ಗಿದರೆ ಮೇಲೆಳೆಯಬೇಕೆಂದು ಮಾತಾಗಿತ್ತು. ಜಗ್ಗಬೇಕು ಎಂದುಕೊಂಡೆ. ಇನ್ನೂ ಸ್ವಲ್ಪ ಇದ್ದರೆ ಖಚಿತವಾಗುತ್ತದೆ ಎಂದುಕೊಂಡೆ. ಬಿಂದಿಗೆ ಎರಡಾಯಿತು. ಆಮೇಲೆ ಹಗ್ಗ ಎಲ್ಲಿದೆ ಎಂಬುದು ಅಷ್ಟು ಮುಖ್ಯ ಎನಿಸಲಿಲ್ಲ.

ಮುಂದಿನದು ಬೇರೆಯವರು ಹೇಳಿದ್ದು. ಹಗ್ಗ ಸಡಿಲವಾದದ್ದು ವೆಂಕಟೇಶಪ್ಪನ ಕೈಗೆ ಗೊತ್ತಾಯಿತಂತೆ. ರಾಮಾಂಜಿನಪ್ಪನವರೂ ಸೇರಿ ಎಳೆದರಂತೆ. ನೀರಿನ ಮಟ್ಟದಲ್ಲಿ ಹಂಡೆ ಕಿತ್ತಾಗ ನಾನು ಬಾವಿಗೆ ಸಾಕಷ್ಟು ವಾಂತಿ ಮಾಡಿದೆನಂತೆ, ಅದರ ಜೊತೆಗೆ ಕನ್ನಡಕವೂ ಹೋಯಿತಂತೆ. ನನಗೆ ನೆನಪಿರುವುದು ಕಟ್ಟೆಯ ಮೇಲೆ ಅಂಗಾತ ಮಲಗಿದ್ದು, ಆಕಾಶ ದುಂಡಗಿಲ್ಲದೆ ಎಲ್ಲ ಕಡೆ ಹರಡಿಕೊಂಡಿದ್ದು, ಮತ್ತು ತಲೆಯ ಮೇಲೆ ಒಂದು ಮಾತು.

"ಏನ್ರೀ, ಇದ್ದೀರಾ?"

"ಇದ್ದೀನಿ."

"ಸರಿ," ಎಂದಳು ಭಾನುಮತಿ. ನಂತರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಬಹಳ ಹೊತ್ತು ಏಳಲಿಲ್ಲ.

ಶ್ಯಾಮಣ್ಣ ಎಂಜಿನ್ ಆರಿಸಿ ಬಂದರು. ಜೇಬಿನಿಂದ ಮೊನ್ನೆಯ ಚೀಟಿ ತೆಗೆದರು. ಮೇಜಿನ ಮೇಲೆ ಬಿಟ್ಟು ಹೋಗಿದ್ದಾರೆ ಎಂದುಕೊಂಡಿದ್ದೆ. ಮಡಚಿ, ಮತ್ತೆ ಜೇಬಿಗಿಟ್ಟುಕೊಂಡರು.

ನೀರೊಳಗೆ ಹೆದರಿಕೊಳ್ಳುವುದು ಮರೆತೇಹೋಗಿತ್ತು. ಕೆಲಸದ ಗಡಿಬಿಡಿಯಲ್ಲಿ ಹೀಗಾಗುತ್ತದೆ.

೮ ಡಿಸೆಂಬರ್

ಹತ್ತರ ಪ್ರಯಾಣ ರದ್ದು. ತಲೆನೋವು ಇಳಿದಿದೆ. ಬಾವಿಯ ನೀರನ್ನು ಆದಷ್ಟು ಪಂಪ್‌ಸೆಟ್ಟಿನಿಂದ ತೋಟಕ್ಕೆ ಹಾಯಿಸಿ ಊಟೆಯಿಂದ ಹೊಸ ನೀರು ಬರಲು ಬಿಟ್ಟಿದ್ದಾರೆ. ತಳ ಕಾಣುವಷ್ಟು ಬತ್ತಲಿಲ್ಲ, ಕೆಸರೆದ್ದು ಕನ್ನಡಕವೂ ಕಾಣಲಿಲ್ಲ. ರಾಮಾಂಜಿನಪ್ಪನವರು ಬೈಯಲಿಲ್ಲ. "ಸೊಪ್ಪಿನ ಮಡೀಗೆ ಒಳ್ಳೆ ಗೊಬ್ರ ಬುಡಿ ಸಾಮಿ," ಎಂದರು.

ಶ್ಯಾಮಣ್ಣ ಮಧ್ಯಾಹ್ನದ ಊಟ ಬಿಟ್ಟು ಡ್ರಾಯಿಂಗ್ ತಂದರು. ಎಂಜಿನ್ ಬೇರೆ ಗಾಡಿಗೆ, ಉದ್ದದ ಬೆಲ್ಟು ಹಾಕಿ ದೂರಕ್ಕೆ. ಗಾಳಿ ಎಳೆಯುವ ಮೂತಿಗೆ ಎರಡಾಳೆತ್ತರದ ಕೊಳವೆ, ತುದಿಯಲ್ಲಿ ಗಾಳಿ ಯಾವ ಕಡೆಯದೆಂದು ತೋರಿಸಲು ಬಟ್ಟೆಯ ಬಾವುಟ. ಕೊಳವೆಯ ಬುಡದ ಆಸರೆ ಸಾಲದು ಎಂದು ತೋರಿಸಿದೆ. "ಹೌದಲ್ಲ ಸಾರ್," ಎಂದು ತಿದ್ದಿಕೊಂಡರು. ಇಬ್ಬರೂ ಈಜಿನ ಮಾತು ಎತ್ತಲಿಲ್ಲ.

೧೧ ಡಿಸೆಂಬರ್, ಶನಿವಾರ

ರೀವರ್ಕ್ ಮುಗಿದಿದೆ. ಅಂಗಳದಲ್ಲಿ ಎಂಜಿನ್ ಓಡಿಸಿ, ಹಂಡೆಯೊಳಗೆ ತಲೆಯಿಟ್ಟು, ವೆಂಕಟೇಶಪ್ಪ ವಾರಪತ್ರಿಕೆಯ ಒಂದು ಧಾರಾವಾಹಿಯ ಕಂತನ್ನು ಪೂರ್ತಿ ಓದಿದ. ತಲೆನೋವು ಬರಲಿಲ್ಲ, ಕಥೆ ಹಿಡಿಸಲಿಲ್ಲ ಎಂದ. ಪಾಸು. ಹೊರಡುವುದು ಹದಿನೇಳು, ಶುಕ್ರವಾರ. ನಾಳೆ ಬಾವಿಯಲ್ಲಿ ಕೊನೆಯ ಅಭ್ಯಾಸ.

ರಾಮಾಂಜಿನಪ್ಪನವರು ಸಂಜೆ ಬಂದು, "ಗರಡಿಗೆ ಕನ್ನಡ್ಕ ಸಿಕ್ಕಾಕಿಲ್ಲ ಸಾಮಿ. ಮುಳುಗು ಹಾಕೋರ್ನ ಯಾರ್ನಾರ ಕರ್ಸನಾ?" ಎಂದು ವಿಚಾರಿಸಿದರು.

"ಬೇಡ ಬಿಡಿ. ಬೆಳಿಗ್ಗೆ ಕಾಫಿ ಕುಡಿದು ಇಳಿದು ತರ್ತೀನಿ."

ಅವರು ನನ್ನನ್ನೂ ಹುಣಸೆ ಮರವನ್ನೂ ಒಮ್ಮೆ ನೋಡಿದರು. ಯಾಕೋ ತಿಳಿಯಲಿಲ್ಲ.

"ಸರಿಯಾದ ಕನ್ನಡಕ ಇಲ್ದೆ ಕನ್ನಡಕ ಹೇಗ್ರೀ ಹುಡುಕ್ತೀರಿ?" ಎಂದಳು ಭಾನುಮತಿ.

"ಬಿಂದಿಗೆ ದೊಡ್ಡದಿದೆ, ಕಾಣ್ಸುತ್ತೆ. ಹೋದ ಸಲ ನಾನು ಅದರ ಎದುರಿಗೆ ನಿಂತಿದ್ದೆ. ಕನ್ನಡಕ ಅಲ್ಲೇ ಎಲ್ಲೋ ಇರ್ಬೇಕು."

"ಹಾಗಾದ್ರೆ ಬರ್ತಾ ಬಿಂದಿಗೇನೂ ತನ್ನಿ."

ಆಗಲಿ ಎಂದಿದ್ದೇನೆ. ಬಿಂದಿಗೆ ಬಂದರೆ ಪಿಳ್ಳಮ್ಮನವರ ಅಟ್ಟದಿಂದ ಚೊಂಬು ಬಿಡಿಸಿಕೊಳ್ಳಬಹುದು. ಪ್ರಯಾಣಕ್ಕೆ ನೀರು ಒಯ್ಯಲು ಮನೆಯಲ್ಲಿ ಬೇರೆ ಚೊಂಬಿಲ್ಲ.